ಹೆಪ್ಪು ಯಾರ ಮನೀದು?

ಮೊನ್ನೆ ನಮ್ಮ ಹಳೇ ಲ್ಯಾಪ್‌ಟಾಪಿಗೆ ಮಗಾ ಲಿನಕ್ಸ್ ಹಾಕಿ ಕೊಟ್ಟಾ. ಕೆಳಗ ಪಟ್ಟಿ, ಮೂಲ್ಯಾಗ ಮೆನು, ಎಲ್ಲಾ ವಿಂಡೋಸ್ ಇದ್ದಂಗನ. “ಪುಕ್ಕಟ ಕೊಡೋ ಮಂದಿ ಕಾಪಿ ಹೊಡದಾರ ಬಿಡು” ಅಂದೆ. “ಅವ್ವಾ, ನೀ ದಿನಾ ಅಡಗಿ ವಿಡಿಯೋ ನೋಡೋ ಕ್ರೋಮ್ ಯಾರ ಹೆಪ್ಪಿನಿಂದ ಆದದ್ದು ಗೊತ್ತೇನು?” ಅಂತ ಕೇಳ್ದಾ.

ಕಾಪಿ ಅನ್ನೋದು ಪೂರ್ತಿ ಸುಳ್ಳೇನಲ್ಲ ನೋಡ್ರಿ. ಆ ಪಟ್ಟಿ, ಸ್ಟಾರ್ಟ್ ಮೆನು ಮಂದಿಗೆ ರೂಢಿ ಆಗಿದ್ದು ವಿಂಡೋಸ್ 95ರಿಂದ. ಆದ್ರ ಕಿಟಕಿ, ಮೌಸ್ ಇವೆಲ್ಲಾ 1973ರಾಗ ಝೆರಾಕ್ಸ್ ಕಂಪನಿಯವರ ಆಲ್ಟೋ ಯಂತ್ರದಾಗ ಇದ್ದುವು. ಅಲ್ಲಿ ನೋಡಿ ಬಂದ ಆ್ಯಪಲ್‌ನವರು 1984ರಾಗ ಮ್ಯಾಕಿಂತೋಷ್ ತಂದ್ರು. ಮುಂದ 1988ರಾಗ ‘ನಮ್ದು ಕದ್ರು’ ಅಂತ ಮೈಕ್ರೋಸಾಫ್ಟ್ ಮ್ಯಾಲೆ ಕೋರ್ಟಿಗೆ ಹೋಗಿ ಸೋತ್ರು.

ಇನ್ನ ಹೆಪ್ಪಿನ ಕಥಿ. 1996ರಾಗ ಜರ್ಮನಿಯ ಒಬ್ಬ ವಿದ್ಯಾರ್ಥಿ, ಮಥಿಯಾಸ್ ಎಟ್ರಿಖ್, ಕೆಡಿಇ ಅಂತ ಡೆಸ್ಕ್‌ಟಾಪ್ ಶುರು ಮಾಡ್ದಾ. ಅದರ ಬ್ರೌಸರಿನಾಗ ಪುಟಾ ಬಿಡಿಸಿ ತೋರ್ಸೋ ಭಾಗದ ಹೆಸರು ಕೆಎಚ್‌ಟಿಎಂಎಲ್. ಯಾರರ ಒಯ್ಯಬಹುದು, ಆದ್ರ ತಿದ್ದಿ ಹೊರಗ ಕೊಟ್ರ ಆ ತಿದ್ದಿದ್ದನ್ನೂ ಎಲ್ಲಾರಿಗೂ ಕೊಡಬೇಕು ಅನ್ನೋದು ಅದರ ಕರಾರು. 2003ರಾಗ ಆ್ಯಪಲ್ ಅದನ್ನ ಒಯ್ದು ಸಫಾರಿ ಮಾಡಿತು. ಬಟ್ಲಾ ತಿರುಗಿ ಕೊಟ್ರು, ಖರೆ. ಆದ್ರ ಎಲ್ಲಾ ಒಂದ ಗಂಟು ಕಟ್ಟಿ ಕೊಟ್ರ, ಯಾವುದು ಯಾಕ ತಿದ್ದ್ಯಾರ ಅಂತ ಕೆಡಿಇದವರಿಗೆ ತಿಳೀಬೇಕಲ್ಲ? ಅವರು ಬೇಜಾರು ಮಾಡ್ಕೊಂಡ್ರು. ಕಡೀಕ 2005ರಾಗ ಆ್ಯಪಲ್‌ನವರು ವೆಬ್‌ಕಿಟ್ ಅನ್ನೋ ಹೆಸರಿನಾಗ ಆ ಕೆಲಸಾ ಎಲ್ಲಾರ ಎದುರಿಗೇ ಮಾಡಲಿಕ್ಕೆ ಹತ್ತಿದ್ರು. 2008ರಾಗ ಗೂಗಲ್ ಅದನ್ನ ಕ್ರೋಮಿಗೆ ತಗೊಂಡಿತು. 2013ರಾಗ ಬ್ಲಿಂಕ್ ಅಂತ ಬ್ಯಾರೆ ಮಾಡ್ಕೊಂಡಿತು. 2020ರಾಗ ಮೈಕ್ರೋಸಾಫ್ಟಿನ ಎಡ್ಜ್ ಸೈತ ಅದರ ಮ್ಯಾಲೇ ನಿಂತಿತು. ಈಗ ಕೆಡಿಇದವರ ಬ್ರೌಸರೂ ಆ ಬ್ಲಿಂಕಿನ ಮ್ಯಾಲೇ ನಡೀತದ!

ಒಮ್ಮೆ ನಾವು ಊರಿಗೆ ಹೋಗಿ ಬರೂದ್ರಾಗ ಅತ್ತಿಯವರ ಕಾಲದ ಹೆಪ್ಪು ಕೆಟ್ಟಿತ್ತು. ನನಗ ಅಳೂನ ಬಂತು. ಬಾಜೂಮನಿ ವೈನಿ ಬಟ್ಲದಾಗ ಮೊಸರು ತಂದು, “ತಗೋರಿ, ನಿಮ್ಮನೀದ ಇದು. ಹೋದ ವರ್ಷ ನಿಮ್ಮತ್ತಿಯವರೇ ಕೊಟ್ಟಿದ್ರು” ಅಂದ್ರು. ಅವರು ಅದನ್ನ ನೆನಪಿಟ್ಟಿದ್ರು, ಅದಕ್ಕ ನಮ್ಮ ಹೆಪ್ಪು ಉಳೀತು.

ಬಟ್ಲಾ ಖಾಲಿ ಕೊಡಬಾರದು ಅಂತ ಸಕ್ಕರಿ ಹಾಕಿ ಕೊಟ್ಟೆ. ಮಗನಿಗೆ ಆಡಿದ ‘ಕಾಪಿ’ ಮಾತು ಮಾತ್ರ ವಾಪಸ್ ತಗೊಂಡೆ.