ಇಪ್ಪತ್ತೇ ಇದ್ದ ಟ್ಯಾಂಕ್



ಕಂಪ್ಯೂಟರ್ ಆಟಗಳಲ್ಲಿ ‘ಮಾಡ್’ ಎಂಬುದೊಂದಿದೆ. ಅಪ್ಪ ಅಮ್ಮಂದಿರಿಗಾಗಿ ಮೊದಲು ಅದನ್ನು ಹೇಳಿಬಿಡುತ್ತೇನೆ. ಕಂಪನಿ ಆಟವನ್ನು ತಯಾರಿಸಿ ಮಾರುತ್ತದೆ. ಆಮೇಲೆ ಆಡುವವರೇ ಅದಕ್ಕೆ ಹೊಸ ಊರು, ಹೊಸ ವಾಹನ, ಹೊಸ ಉಡುಪು ಸೇರಿಸುತ್ತಾರೆ. ಹೀಗೆ ಸೇರಿಸಿದ್ದೇ ಮಾಡ್. ನಾನು ಮತ್ತು ನನ್ನ ಇಬ್ಬರು ಸಹಪಾಠಿಗಳು ಮೊದಲ ಮಹಾಯುದ್ಧದ ಆಟವೊಂದಕ್ಕೆ ಜರ್ಮನಿಯ ಮೊದಲ ಟ್ಯಾಂಕ್ ‘ಎ7ವಿ’ಯನ್ನು ಸೇರಿಸುತ್ತಿದ್ದೇವೆ. ಅದಕ್ಕಾಗಿ ಓದಿಕೊಂಡ ಇತಿಹಾಸವನ್ನು ಇಲ್ಲಿ ಬರೆದಿದ್ದೇನೆ.

ಟ್ಯಾಂಕ್ ಯಾಕೆ ಬೇಕಾಯಿತು?

1914ರ ಕೊನೆಯ ಹೊತ್ತಿಗೆ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಎರಡೂ ಕಡೆಯ ಸೈನಿಕರು ಕಂದಕ ತೋಡಿ ಒಳಗೆ ಕುಳಿತಿದ್ದರು. ನಡುವೆ ಮುಳ್ಳುತಂತಿ, ಎದುರಿಗೆ ಮೆಷಿನ್ ಗನ್. ಎದ್ದು ಓಡಿದವರು ಸಾಯುತ್ತಿದ್ದರು. ಈ ಬಿಕ್ಕಟ್ಟಿನಿಂದ ಹೊರಬರಲು ಬ್ರಿಟನ್ 1916ರ ಸೆಪ್ಟೆಂಬರ್ 15ರಂದು ಸೊಮ್ಮ್ ಯುದ್ಧದಲ್ಲಿ ಮೊದಲ ಬಾರಿ ಟ್ಯಾಂಕ್‌ಗಳನ್ನು ಇಳಿಸಿತು. ಆಮೇಲೆ ಜರ್ಮನಿಯೂ ತನ್ನದೊಂದು ಟ್ಯಾಂಕ್ ಮಾಡಲು ಹೊರಟಿತು. ಅದನ್ನು ವಿನ್ಯಾಸ ಮಾಡಿದವರು ಎಂಜಿನಿಯರ್ ಯೋಸೆಫ್ ಫೋಲ್ಮರ್. ಯುದ್ಧ ಇಲಾಖೆಯ ಏಳನೇ ವಿಭಾಗ, ಅಂದರೆ ಸಾರಿಗೆಯ ಆಪ್ಟೈಲುಂಗ್, ಈ ಕೆಲಸ ನೋಡಿಕೊಂಡಿದ್ದರಿಂದ ಟ್ಯಾಂಕಿಗೆ ‘ಎ7ವಿ’ ಎಂದು ಹೆಸರು ಬಂತು. ಹೆಸರಿನ ಕೊನೆಯ ‘ವಿ’ ಎಂದರೆ ಫೆರ್ಕೇರ್ಸ್‌ವೇಸನ್, ಸಾರಿಗೆ.

ಸಂಖ್ಯೆಗಳು ಹೇಳುವ ಕಥೆ

ಮಾಡ್‌ನಲ್ಲಿ ಎರಡು ಕೆಲಸಗಳಿವೆ. ಮೊದಲು ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಟ್ಯಾಂಕಿನ ಆಕಾರ ಕಟ್ಟಿ ಅದಕ್ಕೆ ಬಣ್ಣ ಹಚ್ಚಬೇಕು. ಎ7ವಿ ನೋಡಲು ಒಂದು ಕಬ್ಬಿಣದ ಪೆಟ್ಟಿಗೆ. ಉದ್ದ ಏಳು ಮೀಟರಿಗಿಂತ ಸ್ವಲ್ಪ ಹೆಚ್ಚು, ಎತ್ತರ ಮೂರು ಮೀಟರಿಗಿಂತ ಹೆಚ್ಚು. ಹಾಗಾಗಿ ಆಕಾರ ಕಟ್ಟುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಎರಡನೆಯದು ಸಂಖ್ಯೆಗಳ ಫೈಲ್. ತೂಕ ಸುಮಾರು 30 ಟನ್. 100 ಅಶ್ವಶಕ್ತಿಯ ಎರಡು ಡೈಮ್ಲರ್ ಎಂಜಿನ್‌ಗಳು. ಮುಂದುಗಡೆ 30 ಮಿಲಿಮೀಟರ್ ದಪ್ಪದ ಉಕ್ಕು. 57 ಮಿಲಿಮೀಟರಿನ ಒಂದು ತೋಪು, ಆರು ಮೆಷಿನ್ ಗನ್. ವೇಗ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್. ಗುಂಡಿ ಬಿದ್ದ ಹೊಲದಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಹೊಟ್ಟೆ ನೆಲಕ್ಕೆ ಹತ್ತಿರವಿದ್ದದ್ದರಿಂದ ಕಂದಕ ದಾಟುವಾಗ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಸಾಮಾನ್ಯವಾಗಿ 18 ಜನ. ಎಂಜಿನ್‌ಗಳು ಅವರ ನಡುವೆಯೇ ಇದ್ದವು. ಆ ಬಿಸಿ, ಹೊಗೆ, ಸದ್ದು ಹೇಗಿದ್ದಿರಬಹುದು, ಊಹಿಸಿ!

ಈ ಸಂಖ್ಯೆಗಳನ್ನು ಹಾಕಿ ಆಡಿದಾಗ ನಮ್ಮ ಟ್ಯಾಂಕ್ ಆಮೆಯ ಹಾಗೆ ತೆವಳಿತು. ಒಬ್ಬ ಗೆಳೆಯ, “ವೇಗ ಎರಡರಷ್ಟು ಮಾಡೋಣ, ಒಂದೊಂದು ಆಟಕ್ಕೂ ಹತ್ತು ಟ್ಯಾಂಕ್ ಬಿಡೋಣ, ಇಲ್ಲದಿದ್ದರೆ ಯಾರೂ ಆಡುವುದಿಲ್ಲ” ಅಂದ. ಅವನು ಹೇಳಿದ್ದರಲ್ಲೂ ಅರ್ಥವಿದೆ, ಆಟ ಎಂದರೆ ಆಟವೇ. ಆದರೆ ಜರ್ಮನಿ ಇಡೀ ಯುದ್ಧದಲ್ಲಿ ತಯಾರಿಸಿದ ಎ7ವಿ ಯುದ್ಧಟ್ಯಾಂಕ್‌ಗಳು 20 ಮಾತ್ರ. ಬ್ರಿಟನ್ ತನ್ನ ಮಾರ್ಕ್ 4 ಎಂಬ ಒಂದೇ ಮಾದರಿಯನ್ನು ಸಾವಿರಕ್ಕೂ ಹೆಚ್ಚು ಮಾಡಿತ್ತು. ಒಂದು ಆಟಕ್ಕೆ ಹತ್ತು ಎ7ವಿ ಬಿಟ್ಟರೆ, ಪ್ರಪಂಚದಲ್ಲಿದ್ದ ಅರ್ಧದಷ್ಟನ್ನು ಅಲ್ಲಿ ನಿಲ್ಲಿಸಿದಂತೆ. ಆಡುವ ಚಿಕ್ಕ ಹುಡುಗರು ಅದನ್ನೇ ಇತಿಹಾಸ ಎಂದುಕೊಳ್ಳುತ್ತಾರೆ. ಆದ್ದರಿಂದ ವೇಗವನ್ನು ಹಾಗೆಯೇ ಬಿಟ್ಟು, ಒಂದು ಆಟಕ್ಕೆ ಒಂದೇ ಟ್ಯಾಂಕ್ ಎಂದು ತೀರ್ಮಾನಿಸಿದೆವು.

ಟ್ಯಾಂಕಿಗೆ ಟ್ಯಾಂಕ್ ಎದುರಾದ ದಿನ

1918ರ ಏಪ್ರಿಲ್ 24ರಂದು ಫ್ರಾನ್ಸಿನ ವಿಲ್ಲೆರ್ ಬ್ರೆಟೊನೊ ಎಂಬ ಊರಿನ ಬಳಿ ಚರಿತ್ರೆಯಲ್ಲಿ ಮೊದಲ ಬಾರಿ ಟ್ಯಾಂಕಿಗೆ ಟ್ಯಾಂಕ್ ಎದುರಾಯಿತು. ವಿಲ್ಹೆಲ್ಮ್ ಬಿಲ್ಟ್ಸ್ ಅವರ ‘ನಿಕ್ಸೆ’ ಎಂಬ ಎ7ವಿ ಒಂದು ಕಡೆ, ಮೂರು ಬ್ರಿಟಿಷ್ ಮಾರ್ಕ್ 4 ಇನ್ನೊಂದು ಕಡೆ. ಬ್ರಿಟಿಷರ ಎರಡು ಟ್ಯಾಂಕ್‌ಗಳಲ್ಲಿ ಮೆಷಿನ್ ಗನ್ ಮಾತ್ರ ಇತ್ತು. ಅವು ಪೆಟ್ಟು ತಿಂದು ಹಿಂದೆ ಸರಿದವು. ಮೂರನೆಯದರಲ್ಲಿ ತೋಪಿತ್ತು. ಅದರ ಅಧಿಕಾರಿ ಫ್ರಾಂಕ್ ಮಿಚೆಲ್ ಟ್ಯಾಂಕ್ ನಿಲ್ಲಿಸಿ ಗುರಿಯಿಡಿಸಿದರು. ನಿಕ್ಸೆಗೆ ಗುಂಡು ತಗುಲಿ ಒಳಗಿದ್ದವರು ಹೊರಗೆ ಹಾರಿದರು.

ಅದೇ ದಿನ ‘ಮೆಫಿಸ್ಟೊ’ ಎಂಬ ಇನ್ನೊಂದು ಎ7ವಿ ಗುಂಡಿಯಲ್ಲಿ ಸಿಕ್ಕಿಕೊಂಡಿತು. ಗಯಟೆಯವರ ‘ಫೌಸ್ಟ್’ ನಾಟಕದ ಪಿಶಾಚಿಯ ಹೆಸರದು. ಜುಲೈನಲ್ಲಿ ಆಸ್ಟ್ರೇಲಿಯಾದ ಸೈನಿಕರು ಅದನ್ನು ಎಳೆದು ತಂದು, 1919ರಲ್ಲಿ ಹಡಗಿನಲ್ಲಿ ಬ್ರಿಸ್ಬೇನಿಗೆ ಸಾಗಿಸಿದರು. ಇಂದು ಉಳಿದಿರುವ ಒಂದೇ ಒಂದು ನಿಜವಾದ ಎ7ವಿ ಅದು. ಜರ್ಮನಿಯ ಮೊದಲ ಟ್ಯಾಂಕನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕು!

ಅದೇ ವರ್ಷ ನಮ್ಮ ಮೈಸೂರಿನವರು

1918 ಎಂದರೆ ಎಲ್ಲೆಲ್ಲೂ ಟ್ಯಾಂಕ್ ಎಂದು ಆಟಗಳನ್ನು ನೋಡಿದವರಿಗೆ ಅನ್ನಿಸಬಹುದು. ಆದರೆ ಅದೇ ವರ್ಷ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಕುದುರೆಯ ಮೇಲೆ, ಈಟಿ ಹಿಡಿದು, ಮೆಷಿನ್ ಗನ್‌ಗಳನ್ನು ಎದುರಿಸಿ ಹೈಫಾ ನಗರವನ್ನು ಗೆದ್ದವು. ಸೆರೆ ಸಿಕ್ಕವರಲ್ಲಿ ತುರ್ಕಿಯವರ ಜೊತೆ ಜರ್ಮನ್ನರೂ ಇದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರ ನೆನಪಿಗೆ. ಒಂದೇ ಯುದ್ಧದಲ್ಲಿ ಉಕ್ಕಿನ ಪೆಟ್ಟಿಗೆಯೂ ಇತ್ತು, ಕುದುರೆಯೂ ಇತ್ತು. ಎರಡರಲ್ಲೂ ಇದ್ದವರು ನಮ್ಮಂಥ ಮನುಷ್ಯರೇ.

ಆಟದಲ್ಲಿ ಟ್ಯಾಂಕ್ ಸಿಡಿದರೆ ಪರದೆಯ ಮೇಲೆ ಒಂದು ಅಂಕ ಸೇರುತ್ತದೆ, ಅಷ್ಟೇ. ಅದಕ್ಕೆ ನಮ್ಮ ಮಾಡ್ ತೆರೆದುಕೊಳ್ಳುವಾಗ ಎರಡು ಸಾಲು ಹಾಕಿದ್ದೇವೆ: ಇಂಥವು ಇದ್ದದ್ದು 20, ಒಂದೊಂದರಲ್ಲೂ 18 ಜನ.

ಬ್ರಿಸ್ಬೇನ್ ದೂರವಾದರೆ, ಲೋವರ್ ಸ್ಯಾಕ್ಸನಿಯ ಮುನ್‌ಸ್ಟರ್‌ನಲ್ಲಿರುವ ಪಾಂಟ್ಸರ್ ಮ್ಯೂಸಿಯಂಗೆ ಹೋಗಿ. ‘ವೋಟಾನ್’ ಎಂಬ ಎ7ವಿಯ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಟಿಕೆಟ್ ತೆಗೆಯುವಾಗ ಮಾತ್ರ ಜೋಪಾನ, ಊರು ಮುನ್‌ಸ್ಟರ್, ಮ್ಯೂನ್‌ಸ್ಟರ್ ಅಲ್ಲ!