ಸಾವಿರ ಕಿಲೋಮೀಟರಿನ ಪರೀಕ್ಷೆ

ದೊಡ್ಡಬಳ್ಳಾಪುರದಿಂದ ಹೊರಟು, ಮಾಕಳಿದುರ್ಗದ ಬಂಡೆಬೆಟ್ಟವನ್ನು ಹಿಂದಿಕ್ಕಿ, ತೊಂಡೇಬಾವಿಯನ್ನು ಹಾದು ಗೌರಿಬಿದನೂರನ್ನು ಮುಟ್ಟುವ ಹಾದಿಯ ಎರಡು ಕಡೆಗೂ, ಕೆರೆಯ ಏರಿಯನ್ನೇರಿ ಇಳಿಯುವ, ಗರಸು ನೆಲದಲ್ಲಿ ಕೆಂಧೂಳೆಬ್ಬಿಸುವ, ಮಳೆ ಬಿದ್ದೊಡನೆ ಕೊರಕಲಾಗುವ ಅಡ್ಡದಾರಿಗಳು ಕವಲೊಡೆಯುತ್ತವೆ. ಇಂತಹ ದಾರಿಗಳನ್ನು ನಾವು ಶಪಿಸುವುದುಂಟು, ಸ್ಮರಿಸುವುದು ಅಪೂರ್ವ. ಆದರೂ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1970ರ ದಶಕದಲ್ಲಿ ಆರಂಭಿಸಿದ ಕೆ-1000 ಎಂಬ ದೀರ್ಘದೂರದ ಮೋಟಾರು ಸ್ಪರ್ಧೆಗೆ ನೆಲೆಗಟ್ಟಾದುದು ಈ ಜಾತಿಯ ರಸ್ತೆಗಳೇ. ಕರ್ನಾಟಕದ ಹೆಸರನ್ನೂ ಸಾವಿರ ಕಿಲೋಮೀಟರಿನ ಲೆಕ್ಕವನ್ನೂ ಒಟ್ಟುಗೂಡಿಸಿ ಇಟ್ಟ ಆ ಹೆಸರಿನಲ್ಲಿ ಸ್ಪರ್ಧೆಯ ಸ್ವರೂಪವೆಲ್ಲ ಅಡಗಿದೆ. ವಿಶೇಷವಾಗಿ ನಿರ್ಮಿಸಿದ ಪಥವಿಲ್ಲದ, ವಿಶೇಷವಾಗಿ ತಯಾರಿಸಿದ ವಾಹನವೂ ದೊರೆಯದ ಕಾಲದಲ್ಲಿ, ಮನೆಮಂದಿ ಮದುವೆಗೋ ಜಾತ್ರೆಗೋ ಹೋಗುವ ಕಾರನ್ನೇ ತಂದು, ಅದರ ತ್ರಾಣವನ್ನೂ ತಮ್ಮ ಧೈರ್ಯವನ್ನೂ ಒಮ್ಮೆಗೇ ಒರೆಗೆ ಹಚ್ಚಿದ ಜನರ ಚರಿತ್ರೆ ಅದು.

ಅಂಗಡಿಯಲ್ಲಿ ಮಾರುವ ಕಾರಿನಿಂದಲೇ ದೀರ್ಘದೂರ ಓಡಿ ಗೆಲ್ಲಬೇಕೆಂಬ ಕಲ್ಪನೆ ನಮ್ಮ ದೇಶದ್ದು ಮಾತ್ರವೇ ಅಲ್ಲ. ಅಮೆರಿಕದವರು ಸ್ಟಾಕ್ ಕಾರ್ ಎಂದು ಕರೆಯುವ ವಾಹನಗಳ ಮೊದಲ ಐನೂರು ಮೈಲಿಯ ಮಹಾಸ್ಪರ್ಧೆ 1950ನೆಯ ಇಸವಿಯ ಸೆಪ್ಟೆಂಬರ್ 4ರಂದು ದಕ್ಷಿಣ ಕೆರೊಲಿನಾ ಸಂಸ್ಥಾನದ ಡಾರ್ಲಿಂಗ್ಟನ್ ಎಂಬ ಚಿಕ್ಕ ಪಟ್ಟಣದಲ್ಲಿ ಜರುಗಿತು. ಹೆರಾಲ್ಡ್ ಬ್ರಾಸಿಂಗ್ಟನ್ ಎಂಬಾತ ಇಂಡಿಯಾನಾಪೊಲಿಸ್ಸಿನ ಪ್ರಸಿದ್ಧ ಓಟವನ್ನು ಕಂಡು ಬಂದು, ಅಂತಹದೊಂದು ತನ್ನ ಊರಿನಲ್ಲಿಯೂ ನಡೆಯಬೇಕೆಂದು ಹಟ ತೊಟ್ಟು, ಬೇಸಾಯದ ನೆಲವನ್ನು ಕೊಂಡು ಪಥವನ್ನು ಕಟ್ಟಿಸಿದನು. ನೆಲ ಮಾರಿದ ರೈತನು ತನ್ನ ಮೀನಿನ ಹೊಂಡವನ್ನು ಮಾತ್ರ ಮುಟ್ಟಕೂಡದೆಂದು ಷರತ್ತು ಹಾಕಿದುದರಿಂದ, ಆ ಹೊಂಡವನ್ನು ತಪ್ಪಿಸುವುದಕ್ಕಾಗಿ ಪಥದ ಒಂದು ಕೊನೆ ಕಿರಿದಾಗಿ, ಒಟ್ಟು ಆಕಾರ ಮೊಟ್ಟೆಯಂತಾಯಿತು. ಇಂದಿಗೂ ಹಾಗೆಯೇ ಇದೆ. ಒಬ್ಬ ರೈತನ ಹೊಂಡಕ್ಕೆ ಇಷ್ಟು ಮನ್ನಣೆ ದೊರೆತ ಈ ಸಂಗತಿಯನ್ನು ಕೆರೆಕುಂಟೆಗಳ ಸೀಮೆಯವರಾದ ನಾವು ಮೆಚ್ಚದಿರಲಾರೆವು.

ಆ ದಿನ ಎಪ್ಪತ್ತೈದು ಕಾರುಗಳು ಹೊರಟವು. ಬಲಿಷ್ಠವಾದ ಎಂಜಿನುಗಳನ್ನುಳ್ಳ ಭಾರಿ ಕಾರುಗಳು ಮುಂದೆ ನುಗ್ಗಿ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಟೈರುಗಳನ್ನು ಒಂದರ ಮೇಲೊಂದರಂತೆ ಸಿಡಿಸಿಕೊಂಡು, ಮತ್ತೆ ಮತ್ತೆ ನಿಲ್ಲುತ್ತಿದ್ದಾಗ, ಜಾನಿ ಮ್ಯಾಂಟ್ಸ್ ಎಂಬ ಚಾಲಕನು ತನ್ನ ಹಗುರವಾದ ಪ್ಲಿಮತ್ ಕಾರಿಗೆ ಲಾರಿಯ ಗಟ್ಟಿ ಟೈರುಗಳನ್ನು ತೊಡಿಸಿಕೊಂಡು, ಒಂದೇ ಹದದಲ್ಲಿ ಓಡಿಸುತ್ತ ಹೋದನು. ಅರ್ಹತಾ ಓಟದಲ್ಲಿ ತೀರ ನಿಧಾನವೆನಿಸಿಕೊಂಡಿದ್ದ ಆ ಕಾರೇ ಆರೂವರೆ ಗಂಟೆಗೂ ಮೀರಿದ ಸ್ಪರ್ಧೆಯನ್ನು ಒಂಬತ್ತು ಸುತ್ತುಗಳ ಅಂತರದಿಂದ ಗೆದ್ದಿತು. ಸರಾಸರಿ ವೇಗ ಗಂಟೆಗೆ 75 ಮೈಲಿ. ಆ ವೇಗವನ್ನು ಮೀರಿಸಬಲ್ಲ ಚಾಲಕರು ಅಂದು ಅಲ್ಲಿ ಅನೇಕರಿದ್ದರು. ಕೊನೆಯವರೆಗೂ ಉಳಿಸಿಕೊಳ್ಳುವ ವಿವೇಕವಿದ್ದವನು ಅವನೊಬ್ಬನೇ. ದೀರ್ಘದೂರದ ಸ್ಪರ್ಧೆಯ ಧರ್ಮವನ್ನು ಇದಕ್ಕಿಂತ ಸ್ಫುಟವಾಗಿ ತೋರಿಸಿಕೊಟ್ಟ ನಿದರ್ಶನ ನನಗೆ ಬೇರೆ ಕಂಡಿಲ್ಲ.

ಹದಿನೆಂಟು ವರ್ಷಗಳ ತರುವಾಯ ಇದೇ ಧರ್ಮ ಭಾರತದ ರಸ್ತೆಗಳ ಮೇಲೆಯೇ ಹಾದುಹೋಯಿತು. 1968ರ ನವೆಂಬರ್ 24ರಂದು ಲಂಡನ್ನಿನಿಂದ ಹೊರಟು ಸಿಡ್ನಿಯನ್ನು ಸೇರಬೇಕಾಗಿದ್ದ ಮ್ಯಾರಥಾನ್ ಸ್ಪರ್ಧೆಯ ಕಾರುಗಳು, ಯೂರೋಪನ್ನೂ ತುರ್ಕಿ, ಇರಾನ್, ಅಫಘಾನಿಸ್ತಾನಗಳನ್ನೂ ದಾಟಿ, ದೆಹಲಿಯ ಮಾರ್ಗವಾಗಿ ಮುಂಬಯಿಗೆ ಬಂದು, ಚುಸಾನ್ ಎಂಬ ಹಡಗನ್ನೇರಿ ಆಸ್ಟ್ರೇಲಿಯಕ್ಕೆ ಹೋದವು. ದಾರಿಯುದ್ದಕ್ಕೂ ಹಳ್ಳಿಹಳ್ಳಿಯ ಜನ ರಸ್ತೆಯ ಅಂಚಿಗೆ ಬಂದು ನಿಂತು ಅವನ್ನು ನೋಡಿದರು. ಗುರಿಗೆ ಸ್ವಲ್ಪವೇ ದೂರವಿರುವಾಗ, ಅತ್ಯಂತ ಮುಂದಿದ್ದ ಲೂಸಿಯೆನ್ ಬಿಯಾಂಕಿಯ ಕಾರಿಗೆ ಎದುರಿನಿಂದ ಬಂದ ಸಾಮಾನ್ಯ ವಾಹನವೊಂದು ಡಿಕ್ಕಿ ಹೊಡೆಯಿತು. ಹಿಂದೆಯೇ ಬರುತ್ತಿದ್ದ ಪ್ಯಾಡಿ ಹಾಪ್‌ಕರ್ಕ್ ತನ್ನ ಸ್ಪರ್ಧೆಯನ್ನು ಮರೆತು ಗಾಯಗೊಂಡವರ ನೆರವಿಗೆ ಧಾವಿಸಿದನು. ಕೊನೆಗೆ ಜಯ ದೊರೆತುದು ಆಂಡ್ರ್ಯೂ ಕೊವಾನ್ ಓಡಿಸಿದ ಹಿಲ್ಮನ್ ಹಂಟರ್ ಎಂಬ, ಇಂಗ್ಲೆಂಡಿನ ಗುಮಾಸ್ತರ ಮನೆಗಳ ಮುಂದೆ ನಿಲ್ಲುವಂತಹ ಸಾಧಾರಣ ಕಾರಿಗೆ. ಹಾಪ್‌ಕರ್ಕನ ಆ ನಡತೆಯನ್ನು ವಿಜಯಿಯ ಹೆಸರಿನಷ್ಟೇ ಗೌರವದಿಂದ ನೆನೆಯಬೇಕು.

ಇನ್ನು ನಮ್ಮ ನಾಡಿನ ಮಾತು. ಅಮೆರಿಕದಲ್ಲಿ ಸಾಮಾನ್ಯ ಕಾರನ್ನೇ ಓಡಿಸಬೇಕೆಂಬುದು ಸ್ಪರ್ಧೆಯ ನಿಯಮವಾಗಿದ್ದರೆ, ಭಾರತದಲ್ಲಿ ಅದು ಅನಿವಾರ್ಯವಾಗಿತ್ತು. ವಿದೇಶದ ವಾಹನಗಳಿಗೆ ಬಾಗಿಲು ಮುಚ್ಚಿದ್ದ, ಪರ್ಮಿಟ್ಟು ಪರವಾನಗಿಗಳ ಆ ಕಾಲದಲ್ಲಿ, ಉತ್ತರಪಾರದ ಅಂಬಾಸಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇವಿಷ್ಟನ್ನು ಬಿಟ್ಟರೆ ಆಯ್ಕೆಯೇ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಅಂತಹ ಕಾರನ್ನು, ಅಡಿಯಲ್ಲಿ ಕಲ್ಲು ಬಡಿದು ಆಯಿಲ್ ಸಂಪ್ ಒಡೆಯದಂತೆ ಉಕ್ಕಿನ ತಗಡನ್ನು ಕಟ್ಟಿಸಿ, ಸ್ಟೆಪ್ನಿಯ ಜೊತೆಗೆ ಮತ್ತೊಂದು ಟೈರನ್ನೂ ಫ್ಯಾನ್ ಬೆಲ್ಟನ್ನೂ ಹೇರಿಕೊಂಡು ರ್ಯಾಲಿಗೆ ತರುವವನ ಎದೆಗಾರಿಕೆ ಎಷ್ಟಿರಬೇಕೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕು. ಒಂದು ಕಲ್ಲಿಗೆ ಆಕ್ಸಲ್ ಮುರಿದರೆ ಅವನು ಕಳೆದುಕೊಳ್ಳುತ್ತಿದ್ದುದು ಬಹುಮಾನವೊಂದನ್ನೇ ಅಲ್ಲ, ಸಂಸಾರದ ಏಕೈಕ ವಾಹನವನ್ನು.

ಹಳೆಯ ರ್ಯಾಲಿಯ ಕ್ರಮವೂ ಕೇವಲ ನುಗ್ಗಾಟದ್ದಾಗಿರಲಿಲ್ಲ. ಕಾರುಗಳನ್ನು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಬಿಡುವರು. ಚಾಲಕನ ಪಕ್ಕದಲ್ಲಿ ಕುಳಿತ ನ್ಯಾವಿಗೇಟರನು, ತಿರುವುಗಳನ್ನು ಗೆರೆಗಳಲ್ಲಿ ಬರೆದು ತೋರಿಸುವ ರೋಡ್ ಬುಕ್ಕನ್ನು ತೊಡೆಯ ಮೇಲಿಟ್ಟು, ಕತ್ತಲೆಯಲ್ಲಿ ಪುಟ್ಟ ದೀಪದ ಬೆಳಕಿನಲ್ಲಿ ದೂರ, ವೇಗ, ಕಾಲಗಳನ್ನು ಗುಣಿಸಿ ಭಾಗಿಸುತ್ತ, ಯಾವ ಅರಳಿಕಟ್ಟೆಯ ಬಳಿ ಎಡಕ್ಕೆ ಹೊರಳಬೇಕೆಂಬುದನ್ನು ಹೇಳುತ್ತಿರಬೇಕು. ಕಟ್ಟೆಗಳಲ್ಲಿ ಕಾದಿರುವ ಮಾರ್ಷಲ್ಲುಗಳು ಟೈಮ್ ಕಾರ್ಡಿನಲ್ಲಿ ಗಳಿಗೆಯನ್ನು ಗುರುತಿಸುವರು. ತಡವಾದರೆ ದಂಡ, ಕಾಲಕ್ಕೆ ಮುಂಚೆ ಬಂದರೂ ದಂಡ. ಆದುದರಿಂದ ಗೆಲುವಿನಲ್ಲಿ ಸ್ಟೀರಿಂಗ್ ಹಿಡಿದವನಷ್ಟೇ ಪಾಲು ಲೆಕ್ಕ ಹಿಡಿದವನಿಗೂ, ಗ್ಯಾರೇಜಿನಲ್ಲಿ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಸ್ಪ್ರಿಂಗಿನ ಪಟ್ಟಿಗಳನ್ನು ಬಿಗಿದ ಮೆಕ್ಯಾನಿಕ್ಕನಿಗೂ ಸಲ್ಲುತ್ತಿತ್ತು. ಪಾರಿತೋಷಕದ ಮೇಲೆ ಈ ಕೊನೆಯವನ ಹೆಸರನ್ನು ಕೊರೆಯುವ ಪದ್ಧತಿ ಇಲ್ಲದಿರುವುದು ನ್ಯಾಯವಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ಅದರ ಹಿಂದೆಯೇ ಜಿಪ್ಸಿ ಬಂದು ರ್ಯಾಲಿಗಳನ್ನು ತನ್ನದಾಗಿಸಿಕೊಂಡಿತು. 1988ರಲ್ಲಿ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಷಿಪ್ ಏರ್ಪಟ್ಟ ಮೇಲೆ ಬಿಡಿಬಿಡಿಯಾಗಿದ್ದ ಸ್ಪರ್ಧೆಗಳು ಒಂದು ಕಟ್ಟಿಗೆ ಸೇರಿದವು. ಜನಸಂಚಾರವನ್ನು ತಡೆದು ಮುಚ್ಚಿದ ಕಿರಿದೂರದ ಹಂತಗಳಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಓಡುವುದೇ ಮುಖ್ಯವಾಗಿ, ಹಗಲಿರುಳೆನ್ನದೆ ಜಿಲ್ಲೆಯಿಂದ ಜಿಲ್ಲೆಗೆ ಸಾಗುವ ಪಯಣ ಹಿಂದೆ ಸರಿಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿ ಏಷ್ಯ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತು ನಡೆಯುವ ಮಟ್ಟಕ್ಕೆ ಕರ್ನಾಟಕ ಬೆಳೆಯಿತು. ದಾರಿಹೋಕರ ಪ್ರಾಣದ ದೃಷ್ಟಿಯಿಂದ ನೋಡಿದರೆ ಈ ಬದಲಾವಣೆ ಆಗಲೇಬೇಕಾಗಿದ್ದುದು. ದನಕರುಗಳೂ ಶಾಲೆಯ ಮಕ್ಕಳೂ ಓಡಾಡುವ ದಾರಿಯಲ್ಲಿ ಯಾರೂ ಪಂದ್ಯ ಕಟ್ಟಬಾರದು. ಆದರೆ ತಾಳಿಕೆಯೇ ಪ್ರಧಾನವಾಗಿದ್ದ ಆ ಹಳೆಯ ಪರೀಕ್ಷೆಗೆ ಒಂದು ಘನತೆಯಿತ್ತು. ನಮ್ಮ ದೇಶದ ಕಾರು ನಮ್ಮ ದೇಶದ ರಸ್ತೆಯನ್ನು ಎಷ್ಟು ತಡೆದೀತೆಂಬುದನ್ನು ಯಾವ ಕಾರ್ಖಾನೆಯ ಜಾಹೀರಾತಿಗಿಂತಲೂ ಪ್ರಾಮಾಣಿಕವಾಗಿ ಅದು ತಿಳಿಸಿಕೊಡುತ್ತಿತ್ತು.

ಅಂದು ಓಡಿಸಿದವರೂ ಲೆಕ್ಕ ಹಿಡಿದವರೂ ಈಗ ಇಳಿವಯಸ್ಸಿನವರು. ಅವರ ಮನೆಗಳ ಟ್ರಂಕುಗಳಲ್ಲಿ ಹಳೆಯ ರೋಡ್ ಬುಕ್ಕುಗಳೂ, ಮಾರ್ಷಲ್ಲುಗಳ ಸಹಿಯುಳ್ಳ ಟೈಮ್ ಕಾರ್ಡುಗಳೂ, ಧೂಳು ಮೆತ್ತಿದ ಫಿಯೆಟ್ಟಿನ ಪಕ್ಕದಲ್ಲಿ ನಿಂತ ಭಾವಚಿತ್ರಗಳೂ ಇದ್ದರೆ, ಅವುಗಳನ್ನು ಗುಜರಿಗೆ ಹಾಕದಿರಿ. ತಂದೆಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು, ಯಾವ ಊರು ದಾಟಿ ಯಾವ ಊರಿಗೆ ಹೋದಿರಿ, ಎಲ್ಲಿ ಕೆಟ್ಟಿತು, ಯಾರು ರಿಪೇರಿ ಮಾಡಿಕೊಟ್ಟರು ಎಂದು ಕೇಳಿ, ದಯವಿಟ್ಟು ಕನ್ನಡದಲ್ಲಿ ಬರೆದಿಡಿ.