ಝೇಂಡಾ ಯಾರದು, ಮರ್ಯಾದೆ ಯಾರದು?

ಆಗಸ್ಟ್ 15 ಹತ್ತಿರ ಬಂತಂದ್ರ ಶಿಗ್ಗಾಂವ ಸೀಮೆಯ ಊರೂರ ಸಾಲಿಗಳಲ್ಲಿ ಝೇಂಡಾ ಕಟ್ಟಿಗೆ ಸುಣ್ಣ ಬೀಳುತ್ತದೆ. ಅಂಗಳ ಗುಡಿಸಲು, ಸುಣ್ಣ ಬಳಿಯಲು ನಮ್ಮ ಕೇರಿಯ ಕೈಗಳು ಬೇಕು. ರಾಷ್ಟ್ರಗೀತೆ ಹಾಡುವಾಗ ಊರಿನ ಮಕ್ಕಳು, ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 52 ಸೆಕೆಂಡು! ಆಮೇಲೆ? ಗುಡಿಯ ಕಟ್ಟೆ, ಚಾದಂಗಡಿ, ಕ್ಷೌರದಂಗಡಿ ಮುಂದೆ ಅದೇ ಸಾಲು ಎರಡಾಗಿ ಒಡೆಯುವ ಊರುಗಳು ಇನ್ನೂ ಇವೆ. ಹಂಗಾದ್ರ ಝೇಂಡಾಕ್ಕೆ ಮರ್ಯಾದೆ ಕೊಡೋದು ಅಂದ್ರ ಏನು? ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಾವಲ್ಲ. ಆಟದ ಮೈದಾನದಲ್ಲಿ ನಿಂತು ಕೇಳಿದವರ ಚರಿತ್ರೆಯೊಂದಿದೆ.

1968ರ ಅಕ್ಟೋಬರ್ 16, ಮೆಕ್ಸಿಕೋ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಅಮೆರಿಕದ ಕರಿಯ ಓಟಗಾರ ಟಾಮಿ ಸ್ಮಿತ್ ಚಿನ್ನ ಗೆದ್ದ, ಜಾನ್ ಕಾರ್ಲೋಸ್ ಕಂಚು ಗೆದ್ದ. ಪದಕದ ಕಟ್ಟೆಯ ಮೇಲೆ ಇಬ್ಬರೂ ಬೂಟು ಬಿಚ್ಚಿ, ಬರೀ ಕರಿ ಕಾಲುಚೀಲದಲ್ಲಿ ನಿಂತರು. ಅದು ತಮ್ಮ ಜನರ ಬಡತನದ ಗುರುತು. ಅಮೆರಿಕದ ರಾಷ್ಟ್ರಗೀತೆ ಮೊಳಗಿದಾಗ ತಲೆ ತಗ್ಗಿಸಿ, ಕರಿ ಕೈಚೀಲದ ಮುಷ್ಟಿ ಎತ್ತಿದರು. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಪೀಟರ್ ನಾರ್ಮನ್ ಮಾನವ ಹಕ್ಕಿನ ಬಿಲ್ಲೆ ಧರಿಸಿ ಅವರ ಜೊತೆಯಾದ. ದೇಶಕ್ಕೆ ಅವಮಾನ ಮಾಡಿದರೆಂದು ಸ್ಮಿತ್, ಕಾರ್ಲೋಸರನ್ನು ಕ್ರೀಡಾಗ್ರಾಮದಿಂದ ಹೊರಗಟ್ಟಿದರು. 2016ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕರಿಯರಿಗಾಗಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ ಫುಟ್ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್‌ನಿಗೆ ಆ ಋತು ಮುಗಿದ ಮೇಲೆ ಯಾವ ತಂಡವೂ ಕೆಲಸ ಕೊಡಲಿಲ್ಲ.

ಅಮೆರಿಕ ದೂರದ ಮಾತು ಅಂತೀರಾ? ನಮ್ಮ ಧಾರವಾಡಕ್ಕೇ ಬರೋಣ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಶಿಗ್ಗಾಂವ ಧಾರವಾಡ ಜಿಲ್ಲೆಯದೇ. ಆ ಧಾರವಾಡದಲ್ಲಿ 1876ರಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದವನು ಪಾಲ್ವಣಕರ ಬಾಳೂ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ಹಸನು ಮಾಡುತ್ತ, ಸಾಹೇಬರಿಗೆ ಚೆಂಡೆಸೆಯುತ್ತ ಬೌಲರ್ ಆದ. ಅವನು ಮುಟ್ಟಿದ ಚೆಂಡನ್ನು ಹಿಂದೂ ತಂಡದ ಮೇಲ್ಜಾತಿಯವರು ಮುಟ್ಟುತ್ತಿದ್ದರು. ಚಹಾ ಮಾತ್ರ ಅವನಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ. 1920ರಲ್ಲಿ ಅವನ ತಮ್ಮಂದಿರಾದ ಶಿವರಾಮ, ವಿಠ್ಠಲ ಈ ಅನ್ಯಾಯ ಸಹಿಸದೆ ತಂಡದಿಂದ ಹೊರಗೆ ಬಂದು ನಿಂತರು. ಮೆಕ್ಸಿಕೋದ ಮುಷ್ಟಿಗಿಂತ 48 ವರ್ಷ ಮೊದಲು! 1923ರಲ್ಲಿ ಅದೇ ವಿಠ್ಠಲ ಹಿಂದೂ ತಂಡದ ನಾಯಕನಾದ. ಪ್ರತಿಭಟಿಸದೆ ಇದ್ದಿದ್ದರೆ ಈ ಗೌರವ ತಾನಾಗಿಯೇ ನಡೆದು ಬರುತ್ತಿತ್ತೇ?

ಸ್ವಾತಂತ್ರ್ಯ ಬಂತು. ಲೆಕ್ಕ ಬದಲಾಯಿತೇ? ಅಮೆರಿಕದ ಕರಿಯರ ಸಂಘಟನೆಯಿಂದ ಹೆಸರು ಪಡೆದ ದಲಿತ ಪ್ಯಾಂಥರ್ಸ್ 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅದೇ ವರ್ಷ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, ರಾಜಾ ಢಾಲೆ ಮರಾಠಿಯ 'ಸಾಧನಾ' ಪತ್ರಿಕೆಯಲ್ಲಿ ಎರಡು ದಂಡಗಳನ್ನು ಎದುರುಬದುರು ಇಟ್ಟರು. ದಲಿತ ಹೆಣ್ಣಿನ ಮಾನ ತೆಗೆದರೆ 50 ರೂಪಾಯಿ. ಧ್ವಜಕ್ಕೆ ಅಪಮಾನ ಮಾಡಿದರೆ 300 ರೂಪಾಯಿ. ಮಹಾರಾಷ್ಟ್ರವೇ ಗದ್ದಲವೆದ್ದಿತು. ಧ್ವಜದ ಬಗ್ಗೆ ಕೆರಳಿದವರಲ್ಲಿ ಎಷ್ಟು ಮಂದಿ ಆ ಹೆಣ್ಣಿಗಾಗಿ ಕೆರಳಿದ್ದರು?

ಹೋಗಲಿ, ಧ್ವಜವನ್ನು ಎದೆಯ ಮೇಲೆ ಹೊತ್ತು ಆಡಿದವರಿಗಾದರೂ ಮರ್ಯಾದೆ ಸಿಕ್ಕಿತೇ? 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದಲಿತರ ಮಗಳು ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದಳು. ಸೆಮಿಫೈನಲ್ ಸೋತ ದಿನ ಹರಿದ್ವಾರದ ಹತ್ತಿರದ ಅವಳ ಮನೆ ಮುಂದೆ ಪಟಾಕಿ ಹಚ್ಚಿ, ಜಾತಿ ಹಿಡಿದು ಬೈದರು. ದೇಶ ಸೋತದ್ದಕ್ಕೆ ಪಟಾಕಿ ಹಾರಿಸಿದವರು ದೇಶಭಕ್ತರೇನ್ರೀ?

ನಮ್ಮ ಪಕ್ಕದ ಸವಣೂರನ್ನು ಮರೆಯಬಾರದು. 2010ರ ಜುಲೈನಲ್ಲಿ, ವಾಸದ ಜಾಗದಿಂದ ಎಬ್ಬಿಸಲು ಹೊರಟ ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಹೇಸಿಗೆ ಅಂತ ಮೂಗು ಮುಚ್ಚಿಕೊಂಡವರು ಅವರ ತಲೆಯ ಮೇಲೆ ಅದನ್ನು ತಲೆಮಾರುಗಟ್ಟಲೆ ಹೊರಿಸಿದವರು ಯಾರೆಂದು ಕೇಳಿಕೊಳ್ಳಲಿಲ್ಲ. ಮಾತು ಕೇಳದ ವ್ಯವಸ್ಥೆಯ ಮುಂದೆ ಮೈಯೇ ಮಾತಾಡಬೇಕಾಗುತ್ತದೆ. ಬರಿಗಾಲು, ಮುಷ್ಟಿ, ಮಂಡಿ, ಮಲ: ಎಲ್ಲವೂ ಒಂದೇ ಭಾಷೆಯ ಅಕ್ಷರಗಳು.

ಹಳ್ಳಿಯ ಮಾಸ್ತರರೇ, ಕಾನೂನೂ ಗೊತ್ತಿರಲಿ. ರಾಷ್ಟ್ರಗೀತೆಗೆ ಬೇಕಂತಲೇ ಅಡ್ಡಿ ಮಾಡುವುದು 1971ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ತಮ್ಮ ನಂಬಿಕೆಗಾಗಿ ಹಾಡದೆ, ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟು 1986ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಮೌನ ಅಪಮಾನವಲ್ಲ ಎಂಬುದು ಅದರ ತಿರುಳು.

ಝೇಂಡಾ ನಮಗೆ ಬೇಡವಾಗಿಲ್ಲ. ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನ ಜೊತೆ ಬ್ರಿಟಿಷರ ಗುಂಡಿಗೆ ಬಿದ್ದವರಲ್ಲಿ ತಿರಕಪ್ಪ ಮಡಿವಾಳರನೂ ಇದ್ದ. ದುಡಿಯುವ ಜಾತಿಗಳ ರಕ್ತ ಅದಕ್ಕೆ ಸಂದಿದೆ. ಅದಕ್ಕೇ ನಾವು ಅದರ ಕೆಳಗೆ ನಿಂತು ಬಾಕಿ ಕೇಳುತ್ತೇವೆ. ಬರುವ ಆಗಸ್ಟ್ 15ಕ್ಕೆ ಮಕ್ಕಳಿಗೆ ಪೇಪರಮೆಂಟು ಹಂಚುವ ಮುಂಚೆ ಬಾಳೂನ ಕತೆ ಹೇಳಿ. 52 ಸೆಕೆಂಡು ಕೂಡಿದ ಸಾಲು ಚಾದಂಗಡಿಯ ತನಕ ಒಡೆಯದೆ ನಡೆಯಲಿ. ಝೇಂಡಾಕ್ಕೆ ಅದಕ್ಕಿಂತ ದೊಡ್ಡ ವಂದನೆ ನಮಗೆ ಗೊತ್ತಿಲ್ಲ.